ಮಲ್ಲಯ್ಯನ ಹಾದಿಗೆ ಕಾಲು ಸಜ್ಜಾಗಿದೆಯೇ?

ಯುಗಾದಿಗೆ ಎರಡು–ಮೂರು ವಾರ ಇದೆ ಎನ್ನುವಾಗಲೇ ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ ಭಾಗದಲ್ಲಿ ಶ್ರೀಶೈಲ ಪಾದಯಾತ್ರೆಯ ಸಡಗರ ಶುರುವಾಗುತ್ತದೆ. ನಮ್ಮ ಹಿಪ್ಪರಗಿಯಿಂದ ಅಲ್ಲಿಗೆ 400 ಕಿ.ಮೀ.ಗೂ ಹೆಚ್ಚು ದೂರ. ದಿನಕ್ಕೆ 30 ಕಿ.ಮೀ. ನಡೆದರೂ ಎರಡು ವಾರ ಬೇಕು, ಅದೂ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ. ಹೊರಡುವಾಗ ಪವರ್ ಬ್ಯಾಂಕ್ ಮರೆಯದ ನಾವು, ಕಾಲಿನ ಬಗ್ಗೆ ಯೋಚಿಸುವುದು ಬೊಬ್ಬೆ ಎದ್ದ ಮೇಲೆಯೇ.

ನನ್ನ ಗೆಳೆಯನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದ. ಪಾದಯಾತ್ರೆಯ ಹಿಂದಿನ ದಿನ ಹೊಸ ಶೂ ಕೊಂಡ. ಮೂರನೇ ದಿನ ಹಿಮ್ಮಡಿ ಸುಲಿಯಿತು. ನೋವಿಗೆ ಕಾಲನ್ನು ಓರೆ ಇಡುತ್ತ ನಡೆದ. ಐದನೇ ದಿನ ರಸ್ತೆಯಂಚಿನಲ್ಲಿ ಕಾಲಿನ ಹರಡು ಹೊರಳಿತು. ಯಾರೋ ಎಣ್ಣೆ ಹಚ್ಚಿ, ಎಳೆದು ತಿಕ್ಕಿದರು. ಬಾವು ಇನ್ನಷ್ಟು ಏರಿತು. 1600 ಮೀಟರ್ ಓಟದ ಪರೀಕ್ಷೆಯ ದಿನ ಅವನು ಮನೆಯಲ್ಲಿ ಕುಳಿತಿದ್ದ. ನೌಕರಿಗೆ ಓಡಬೇಕಾದ ಕಾಲಿದು, ಜೋಪಾನ ಮಾಡಲೇಬೇಕು.

ಮೊದಲು ಪಾದರಕ್ಷೆ. ದುಬಾರಿ ಬ್ರ್ಯಾಂಡ್‌ಗಿಂತ ಅಳತೆ ಮುಖ್ಯ. ನಡೆದಂತೆ, ಬಿಸಿಲೇರಿದಂತೆ ಪಾದ ಊದಿಕೊಳ್ಳುತ್ತದೆ. ಆದ್ದರಿಂದ ಶೂ ಕೊಳ್ಳಲು ಸಂಜೆ ಹೋಗಿ, ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ, ಹಿಮ್ಮಡಿ ಮಾತ್ರ ಅಲುಗಬಾರದು. ಮೂರು–ನಾಲ್ಕು ವಾರ ಮೊದಲೇ ಕೊಂಡು ಪಳಗಿಸಿ. ಬೆವರು ಹಿಡಿದಿಡುವ ಹತ್ತಿ ಕಾಲುಚೀಲಕ್ಕಿಂತ ಬೇಗ ಒಣಗುವ ಸ್ಪೋರ್ಟ್ಸ್ ಕಾಲುಚೀಲ ಒಳ್ಳೆಯದು.

ಕೊಲ್ಹಾಪುರಿ ಚಪ್ಪಲಿ ನಮ್ಮ ಹೆಮ್ಮೆ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಾಗ ಬಾಗಲಕೋಟೆಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಪಟ್ಟಿಯಲ್ಲಿದ್ದವು. ಸಂತೆಗೆ, ಜಾತ್ರೆಗೆ ಅದು ಸೈ. ಆದರೆ ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಜಾರದಂತೆ ಬೆರಳುಗಳು ಇಡೀ ದಿನ ಬಿಗಿಹಿಡಿಯಬೇಕಾಗುತ್ತದೆ. ಅದನ್ನು ರಾತ್ರಿ ವಸತಿಗೆ ಇಟ್ಟುಕೊಳ್ಳಿ. ಬರಿಗಾಲಿನ ಹರಕೆ ಹೊತ್ತವರು ತಿಂಗಳು ಮೊದಲೇ ಸ್ವಲ್ಪಸ್ವಲ್ಪ ನಡೆದು ರೂಢಿಸಿಕೊಳ್ಳಲಿ. ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಮಾತ್ರ ಬರಿಗಾಲಲ್ಲಿ ಕರೆದೊಯ್ಯಬೇಡಿ. ಗಾಯವಾದದ್ದೇ ಅವರಿಗೆ ಗೊತ್ತಾಗದಿರಬಹುದು.

ಇನ್ನು ಹರಡು. ಪಾದ ಒಳಕ್ಕೆ ಹೊರಳಿದಾಗ ಹೊರಬದಿಯ ಕಟ್ಟುನಾರು ಹಿಗ್ಗುವುದೇ ಉಳುಕು. ಎತ್ತರದ ಬೂಟು ಹಾಕಿದರೆ ಉಳುಕುವುದೇ ಇಲ್ಲ ಎಂಬ ಭರವಸೆ ಬೇಡ. ಕಾಲಿನ ಸ್ನಾಯುಗಳೂ ಗಟ್ಟಿಯಾಗಿರಬೇಕು. ಹಲ್ಲುಜ್ಜುವಾಗ ಒಂದೊಂದೇ ಕಾಲಿನ ಮೇಲೆ 30 ಸೆಕೆಂಡು ನಿಲ್ಲಿ. ಮೆಟ್ಟಿಲಂಚಿನಲ್ಲಿ ತುದಿಗಾಲಲ್ಲಿ ಏರಿ ಇಳಿಯಿರಿ. ವಾರದಲ್ಲಿ ನಾಲ್ಕು ದಿನ ಕಾಲುವೆ ದಂಡೆ ಮೇಲೆ ನಡೆಯಿರಿ, 5 ಕಿ.ಮೀ.ಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ. ಬಿರುಕುಬಿಟ್ಟ ಎರೆಹೊಲದಲ್ಲಿ ಅಡ್ಡದಾರಿ ಹಿಡಿಯಬೇಡಿ. ಡಾಂಬರು ಕಾಯುವ ಮೊದಲೇ, ನಸುಕಿನಲ್ಲಿ ಹೆಚ್ಚು ದೂರ ಮುಗಿಸಿ.

ಅಷ್ಟಾದರೂ ಉಳುಕಿದರೆ? ನಡೆಯುವುದನ್ನು ನಿಲ್ಲಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ಎತ್ತರದಲ್ಲಿಡಿ. ಮೊದಲ ಎರಡು–ಮೂರು ದಿನ ತಿಕ್ಕುವುದು, ಎಳೆಯುವುದು, ಬಿಸಿ ಶಾಖ ಬೇಡವೇ ಬೇಡ. ಎಕ್ಸ್‌ರೇ ಬೇಕೋ ಬೇಡವೋ ಎಂದು ತಿಳಿಯಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಸರಳ ನಿಯಮ ಕೊಟ್ಟರು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಹರಡಿನ ಬದಿಯಲ್ಲಿ ಉಬ್ಬಿರುವ ಎಲುಬಿನ ಹಿಂಭಾಗ ಅಥವಾ ತುದಿ ಒತ್ತಿದಾಗ ನೋವಾದರೆ ಆಸ್ಪತ್ರೆಗೆ ಹೋಗಲೇಬೇಕು.

ನಿಜವಾದ ಪರೀಕ್ಷೆ ಇರುವುದು ಕೊನೆಯಲ್ಲಿ. ಆಂಧ್ರದ ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕರೆ ಕಲ್ಲುದಾರಿ. ಭೀಮನಕೊಳ್ಳಕ್ಕೆ ಕಡಿದಾಗಿ ಇಳಿದು, ಮತ್ತೆ ಕೈಲಾಸ ದ್ವಾರಕ್ಕೆ ಏರಬೇಕು. ಕಾಲು ದಣಿದಿರುವುದೂ ಆಗಲೇ, ಉಳುಕುವ ಅಪಾಯವೂ ಆಗಲೇ. ಇಳಿಯುವ ಮುನ್ನ ಬೆರಳು ಮುಂದೆ ಬಡಿಯದಂತೆ ಲೇಸ್ ಬಿಗಿದುಕೊಳ್ಳಿ, ಕೋಲು ಹಿಡಿಯಿರಿ, ಗುಂಪಿನ ಜೊತೆ ಓಟಕ್ಕೆ ಬೀಳಬೇಡಿ. ಜೊತೆಗಾರ ಕುಂಟುತ್ತಿದ್ದರೆ ಅವನ ಚೀಲ ನೀವು ಹೊರಿ. ಒಂದು ದಿನ ತಡವಾಗಿ ಬಂದರೆ ಮಲ್ಲಯ್ಯ ಮುನಿಯುವುದಿಲ್ಲ. ಓಟದ ಪರೀಕ್ಷೆಯ ದಿನಾಂಕ ಮಾತ್ರ ನಮಗಾಗಿ ಕಾಯುವುದಿಲ್ಲ.