ಹೃದಯದ ಚಿಕಿತ್ಸೆ, ಹಣೆಯ ಮೇಲಿನ ಕಾವಲು

ದೇವದುರ್ಗದಿಂದಲೋ, ಮಾನ್ವಿಯಿಂದಲೋ ಎದೆನೋವೆಂದು ರಾಯಚೂರಿಗೆ ಬಂದು, ಅಲ್ಲಿಂದ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೋ ಹೈದರಾಬಾದಿಗೋ ತೆರಳುವ ರೋಗಿಯ ಬಂಧುಗಳು ಆಪರೇಷನ್ ಕೋಣೆಯ ಹೊರಗೆ ಕುಳಿತು ಕೇಳುವ ಪ್ರಶ್ನೆ ಒಂದೇ: "ಹಾರ್ಟ್ ಸರಿ ಆಗ್ತದೇನ್ರಿ?" ಒಳಗಿರುವ ಅರಿವಳಿಕೆ ತಜ್ಞರಿಗಾದರೋ ಮೆದುಳಿನ ಚಿಂತೆಯೂ ಅಷ್ಟೇ ಉಂಟು. ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರವಿರುವ ಈ ಅವಯವವು ಆಮ್ಲಜನಕದ ಶೇಕಡಾ 20ರಷ್ಟನ್ನು ತಾನೇ ಬಳಸಿಕೊಳ್ಳುತ್ತದೆ. ಕೂಡಿಟ್ಟುಕೊಳ್ಳುವ ಕಣಜವಂತೂ ಅದಕ್ಕಿಲ್ಲ.

1953ರ ಮೇ 6ರಂದು ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಪೂರೈಸಿದಂದಿನಿಂದ ಹೃದಯದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮಾರ್ಗವು ತೆರೆಯಿತು. ಆದರೆ ಯಂತ್ರವು ರಕ್ತವನ್ನು ಒಂದೇ ಸಮನೆ ಹರಿಸುವಾಗ ನಾಡಿ ಮಿಡಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಿತವಾದ, ಆ ಮಿಡಿತವನ್ನೇ ನಂಬಿ ರಕ್ತದ ಆಮ್ಲಜನಕವನ್ನು ಅಳೆಯುವ ಬೆರಳಿನ ಕ್ಲಿಪ್ಪು ಆಗ ನಿರುಪಯುಕ್ತ.

ಕರೆಂಟು ಹೋದ ರಾತ್ರಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು, ಬೆರಳುಗಳು ಕೆಂಪಾಗಿ ಬೆಳಗುವುದನ್ನು ನೋಡಿ ಹಿಗ್ಗದ ಹುಡುಗನಿಲ್ಲ. ಕೆಂಪಿನಾಚೆಯ ಅಗೋಚರ ಕಿರಣವು ತಲೆಬುರುಡೆಯನ್ನೂ ಹಾಯಬಲ್ಲುದೆಂದು 1977ರಲ್ಲಿ ವಿಜ್ಞಾನಿ ಫ್ರಾನ್ಸ್ ಯೋಬ್ಸಿಸ್ ತೋರಿಸಿಕೊಟ್ಟರು. ಆಮ್ಲಜನಕವನ್ನು ಹೊತ್ತ ರಕ್ತವೂ ಅದನ್ನು ಕಳೆದುಕೊಂಡ ರಕ್ತವೂ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಹಣೆಯ ಎರಡು ಪಕ್ಕಗಳಲ್ಲಿ ಅಂಟಿಸಿದ ಪಟ್ಟಿಗಳು ಹಿಂದಿರುಗಿದ ಬೆಳಕನ್ನು ಅಳೆದು, ಮಿಡಿತದ ಹಂಗಿಲ್ಲದೆ, ಮೆದುಳಿನ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟೆಂಬ ಅಂಕಿಯನ್ನು ತೋರಿಸುತ್ತಿರುತ್ತವೆ.

ಆ ಅಂಕಿ ಸಾಮಾನ್ಯವಾಗಿ 60ರಿಂದ 75ರ ಆಸುಪಾಸಿನದು. ಅದು 50ಕ್ಕಿಂತ ಕೆಳಗಿಳಿದರೆ, ಇಲ್ಲವೆ ಆರಂಭದ ಮಟ್ಟಕ್ಕಿಂತ ಐದನೆಯ ಒಂದು ಪಾಲು ಕುಸಿದರೆ, ವೈದ್ಯರು ಕಾರಣವನ್ನು ಹುಡುಕತೊಡಗುತ್ತಾರೆ: ಕತ್ತು ಓರೆಯಾಗಿ ರಕ್ತನಾಳ ಒತ್ತಿಹೋಗಿದೆಯೆ, ಯಂತ್ರದ ಕೊಳವೆ ಜರುಗಿದೆಯೆ, ರಕ್ತದೊತ್ತಡ ಇಳಿದಿದೆಯೆ, ಹಿಮೋಗ್ಲೋಬಿನ್ ಸಾಲದಾಗಿದೆಯೆ? ಎಷ್ಟೋ ವೇಳೆ ತಲೆಯನ್ನು ನೇರಮಾಡುವುದೇ ಚಿಕಿತ್ಸೆ! ಕಪ್ಪು ಮೈಬಣ್ಣದವರಲ್ಲಿ ಅಂಕಿ ತುಸು ಕಡಮೆ ತೋರಬಹುದಾದ್ದರಿಂದ, ಒಬ್ಬನ ಅಂಕಿಯನ್ನು ಅವನದೇ ಮೊದಲಿನ ಅಂಕಿಯೊಡನೆ ಹೋಲಿಸುವುದು ಉಚಿತ.

ಹಾಗೆಂದು ಈ ಪಟ್ಟಿಯನ್ನು ತಾಯಿತವೆಂದು ಭಾವಿಸಲಾಗದು. ಇದರಿಂದ ಪಾರ್ಶ್ವವಾಯುವೂ ಶಸ್ತ್ರಚಿಕಿತ್ಸೋತ್ತರ ಚಿತ್ತಭ್ರಾಂತಿಯೂ ನಿಶ್ಚಯವಾಗಿ ತಪ್ಪುತ್ತವೆಯೆಂದು ಹೇಳುವಷ್ಟು ಆಧಾರವು ದೊರೆತಿಲ್ಲವೆಂದೇ ವೈದ್ಯಕೀಯ ಅಧ್ಯಯನಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆ ತೀರ್ಮಾನಿಸಿತು. ನನ್ನ ಮಟ್ಟಿಗೆ ಇದು ಎಚ್ಚರಿಸುವ ಕಾವಲುಗಾರನೇ ವಿನಾ ಕಾಪಾಡುವ ದೇವರಲ್ಲ.

ಆದ್ದರಿಂದ ಬಂಧುಗಳ ಎಚ್ಚರವೂ ಬೇಕು: ಶಸ್ತ್ರಚಿಕಿತ್ಸೆಯ ಬಳಿಕ ಎಚ್ಚರವಾದ ಮುದುಕನು ಒಂದೆರಡು ದಿನ ಹಗಲನ್ನು ರಾತ್ರಿಯೆಂದರೆ, ಮಗನನ್ನು ಗುರುತಿಸದಿದ್ದರೆ, "ತಲಿ ಕೆಟ್ಟದ" ಎಂದು ಬೆದರದೆ ಕೂಡಲೆ ನರ್ಸಿಗೆ ತಿಳಿಸಿರಿ. ಬಹುಪಾಲು ಮಂದಿಯಲ್ಲಿ ಈ ಚಿತ್ತಭ್ರಾಂತಿ ಇಳಿಯುತ್ತದೆ. ಪರಭಾಷೆಯ ವಾರ್ಡಿನಲ್ಲಿ ಕಣ್ತೆರೆಯುವ ಅವನಿಗೆ ಪರಿಚಿತ ಮುಖವೂ ಮನೆಯ ಮಾತೂ ಬೇಕು. ಆಸ್ಪತ್ರೆಗೆ ಹೊರಡುವಾಗ ಅವನ ಕನ್ನಡಕವನ್ನು ಮರೆಯಬೇಡಿರಿ.