ಮೆರುಗಿಲ್ಲದ ಮೆರುಗೆಣ್ಣೆ

ಹಂಪೆಯ ಬಂಡೆಗಳನ್ನು ಮಳೆಯಲ್ಲಿ ಕಂಡವರು ಕಡಮೆ. ಪ್ರವಾಸಿಗಳು ಬರುವುದು ಬಹುಮಟ್ಟಿಗೆ ಚಳಿಗಾಲದಲ್ಲಿ. ಆಗ ಆಕಾಶ ನಿರ್ಮಲ, ಕಲ್ಲು ಒಣಕಲು. ಆದರೆ ಶ್ರಾವಣದ ಒಂದು ಮಧ್ಯಾಹ್ನ ಮಾತಂಗ ಪರ್ವತದ ಮೇಲೆ ಗಳಿಗೆ ಹೊತ್ತು ಮಳೆ ಹೊಯ್ದು ನಿಂತಿತೆನ್ನಿ. ಅದುವರೆಗೆ ಬೂದಿ ಬಣ್ಣಕ್ಕೂ ನಸುಗೆಂಪಿಗೂ ನಡುವೆ ತೂಗುತ್ತಿದ್ದ ಬಂಡೆಗಳೆಲ್ಲ ಕಪ್ಪೇರುತ್ತವೆ. ಒಂದೊಂದರ ನೆತ್ತಿಯಲ್ಲಿಯೂ ಆಕಾಶದ ತುಣುಕೊಂದು ಮಿನುಗುತ್ತದೆ. ಅರ್ಧ ಗಂಟೆ ಬಿಸಿಲು ಬಿದ್ದರೆ ಸಾಕು, ಮತ್ತೆ ಹಳೆಯ ಬಣ್ಣ, ಹಳೆಯ ಗಾಂಭೀರ್ಯ. ಕಲ್ಲು ಬದಲಾಗಿರಲಿಲ್ಲ, ಅದರ ಮೇಲೆ ನೀರಿನ ತೆಳುಪೊರೆಯೊಂದು ಬಂದು ಹೋಗಿತ್ತು, ಅಷ್ಟೆ.

ಈಗ ಹೊಸಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹೈಸ್ಕೂಲಿನ ಹುಡುಗನೊಬ್ಬ ಶಾಲೆಯ ವಸ್ತುಪ್ರದರ್ಶನಕ್ಕಾಗಿ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಲವತ್ತರಲ್ಲೊಂದು ಅಳತೆಯಲ್ಲಿ ಮಾಡಿದ್ದಾನೆ. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಬೆನ್ನಿಗಿರುವ ರಥ ಅದೇ. ಎರಡು ತಿಂಗಳ ದುಡಿಮೆ. ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಸೂಜಿಯ ಮೊನೆಯಿಂದ ಕೊರೆದು, ಬಣ್ಣದ ಮೇಲೆ ಬಣ್ಣ ತೀಡಿ ಕಲ್ಲಿನ ಮೈಯನ್ನು ತಂದಿದ್ದಾನೆ. ಪ್ರದರ್ಶನದ ಮುನ್ನಾ ದಿನ ರಾತ್ರಿ ತಂದೆ ನೋಡಿ ಮೆಚ್ಚುತ್ತಾರೆ. “ಎಲ್ಲ ಸರಿ, ಇಷ್ಟು ಮಾಡಿ ಮೆರುಗು ಕೊಡದೆ ಬಿಡುವುದುಂಟೇನೋ?” ಎನ್ನುತ್ತಾರೆ. ಬೀರುವಿಗೆ ಬಳಿದು ಉಳಿದ ವಾರ್ನಿಷ್ ಮನೆಯಲ್ಲಿ ಇದ್ದೇ ಇದೆ. ಬೆಳಗ್ಗೆ ಎದ್ದು ನೋಡಿದರೆ ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂಥ ರಥ! ಕಲ್ಲು ಎಲ್ಲಿ ಹೋಯಿತು?

ತಂದೆಯನ್ನು ದೂರುವಂತಿಲ್ಲ. ನಮ್ಮ ಭಾಷೆಯಲ್ಲಿಯೇ ಕೆಲಸ ಮುಗಿಯಿತೆಂದರೆ ಮೆರುಗು ಬಂತೆಂದು ಅರ್ಥ. ವಾರ್ನಿಷಿಗೆ ಕನ್ನಡ ಇಟ್ಟ ಹೆಸರು ಮೆರುಗೆಣ್ಣೆ. ಚನ್ನಪಟ್ಟಣದ ಕುಶಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಗರಿಯಿಂದ ಉಜ್ಜಿ, ಮುಖ ಕಾಣುವಷ್ಟು ಹೊಳಪು ತರುತ್ತಾನೆ. ಹಂಪೆಗೆ ಇನ್ನೂ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಿಸೆಬೀಜದ ಅಂಟು, ಮರದ ಹೊಟ್ಟು, ನಾರು ಸೇರಿದ ಕಿಟ್ಟವನ್ನು ಮೆತ್ತಿ, ಬಣ್ಣ ಬಳಿದು, ಚಿನ್ನದಂತೆ ಝಗಝಗಿಸುವಂತೆ ಮಾಡುತ್ತಾರೆ. ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂಬ ನಂಬಿಕೆ ಅವರಲ್ಲಿದೆ. ದೇವರಿಗೂ ಗೊಂಬೆಗೂ ಹೊಳಪೇ ಶೋಭೆ. ಅಳತೆಗೆ ತಕ್ಕಂತೆ ಕಿರಿದಾಗಿಸಿದ ಪ್ರತಿಕೃತಿಯ ಮಾತು ಮಾತ್ರ ಬೇರೆ. ಅದು ಗೊಂಬೆಯಂತೆ ಕಾಣಕೂಡದು. ದೂರದಿಂದ ನೋಡಿದ ನಿಜದಂತೆ ಕಾಣಬೇಕು.

‘ದೂರದಿಂದ’ ಎಂಬ ಮಾತಿನಲ್ಲಿಯೇ ಗುಟ್ಟೆಲ್ಲ ಇದೆ. ನಲವತ್ತರಲ್ಲೊಂದು ಅಳತೆಯ ರಥವನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ರಥವನ್ನು ನಲವತ್ತು ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ಒಣಗಿದ ಕಲ್ಲಿನ ಮೇಲೆ ಸೂರ್ಯನ ಬಿಂಬ ಕಾಣುತ್ತದೆಯೆ? ಇಲ್ಲ. ವಾರ್ನಿಷ್ ಬಳಿದ ಪ್ರತಿಕೃತಿಯ ಮೇಲಾದರೋ ಮನೆಯ ವಿದ್ಯುದ್ದೀಪ ಅಂಗೈಯಷ್ಟಗಲ ಪ್ರತಿಫಲಿಸುತ್ತದೆ. ಕಣ್ಣು ತಕ್ಷಣ ಲೆಕ್ಕ ಹಾಕುತ್ತದೆ: ಇದು ಚಿಕ್ಕದು, ಇದು ಆಟಿಕೆ. ಕಲ್ಲಿನ ಕಪ್ಪೂ ಹೆಚ್ಚುತ್ತದೆ, ಏಕೆಂದರೆ ಮೆರುಗೆಣ್ಣೆಯ ಪೊರೆ ಮಳೆಯ ಪೊರೆಯ ಕೆಲಸವನ್ನೇ ಮಾಡುತ್ತದೆ. ಒಂದೇ ವ್ಯತ್ಯಾಸವೆಂದರೆ ಈ ಮಳೆ ಆರುವುದೇ ಇಲ್ಲ. ಇನ್ನೊಂದು ನಷ್ಟವೂ ಉಂಟು. ರಥ ಏಕಶಿಲೆಯೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಅದು ಗ್ರಾನೈಟಿನ ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು. ಆ ಕೀಲುಗಳನ್ನು ಹುಡುಗ ಜಾಣ್ಮೆಯಿಂದ ಕೊರೆದಿದ್ದರೆ ದಪ್ಪ ವಾರ್ನಿಷ್ ಅವನ್ನೆಲ್ಲ ತುಂಬಿ ಮುಚ್ಚುತ್ತದೆ.

ಹಾಗಾದರೆ ಏನನ್ನೂ ಬಳಿಯದೆ ಬಿಡಬಹುದಲ್ಲ? ಫ್ರಾನ್ಸಿನ ಚಿತ್ರಕಾರ ಪಿಸ್ಸಾರೊ ತನ್ನ ಒಂದು ಚಿತ್ರದ ಬೆನ್ನ ಮೇಲೆ ಇದಕ್ಕೆ ಮೆರುಗೆಣ್ಣೆ ಬೇಡವೆಂದು ಬರೆದಿಟ್ಟಿದ್ದನು. ಆದರೆ ಗೋಡೆಯ ಚಿತ್ರವನ್ನು ಯಾರೂ ಕೈಯಲ್ಲಿ ಹಿಡಿದು ತಿರುಗಿಸುವುದಿಲ್ಲ. ಪ್ರತಿಕೃತಿಯನ್ನು ಎಲ್ಲರೂ ಮುಟ್ಟುತ್ತಾರೆ. ಬೆವರು, ಎಣ್ಣೆ, ಧೂಳು ಇವುಗಳಿಂದ ಬಣ್ಣವನ್ನು ಕಾಯಬೇಕು, ಕಾವಲಿರುವುದು ಕಾಣಿಸಲೂಬಾರದು. ಈ ಕೆಲಸಕ್ಕಾಗಿಯೇ ಹುಟ್ಟಿದ್ದು ಅಂಗಡಿಯವರು ‘ಮ್ಯಾಟ್’ ಎನ್ನುವ ಮೆರುಗಿಲ್ಲದ ಮೆರುಗೆಣ್ಣೆ.

ಅದರ ಯುಕ್ತಿ ಸರಳವಾದುದು. ನುಣುಪಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ, ಅದೇ ಕನ್ನಡಿ. ಒರಟಾದ ಮೇಲ್ಮೈ ದಿಕ್ಕುದಿಕ್ಕಿಗೆ ಚೆದರಿಸುತ್ತದೆ; ಅದೇ ಸುಣ್ಣದ ಗೋಡೆ. ಮ್ಯಾಟ್ ವಾರ್ನಿಷಿನಲ್ಲಿ ಸಾಮಾನ್ಯವಾಗಿ ಸಿಲಿಕದ ಅತಿ ನುಣ್ಣನೆಯ ಪುಡಿ ಬೆರೆತಿರುತ್ತದೆ. ಕೂದಲೆಳೆಯ ದಪ್ಪದ ಹತ್ತನೆಯ ಒಂದು ಪಾಲಿನಷ್ಟೂ ಇರದ ಕಣಗಳು. ಲೇಪ ಒಣಗುತ್ತ ಕುಗ್ಗಿದಂತೆ ಈ ಕಣಗಳು ಪೊರೆಯ ಮೇಲ್ಮೈಯನ್ನು ಅಲ್ಲಲ್ಲಿ ಎತ್ತಿ, ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳನ್ನು ಮಾಡುತ್ತವೆ. ಹಂಪೆಯ ಬೆಟ್ಟಸಾಲನ್ನೇ ಕುಗ್ಗಿಸಿ ಒಂದು ಪೊರೆಯ ಮೇಲೆ ಹರಡಿದಂತೆ!

ಉಪಾಯವಿದ್ದಲ್ಲಿ ಅಪಾಯವೂ ಇರುತ್ತದೆ. ಈ ಪುಡಿ ಸೀಸೆಯ ತಳದಲ್ಲಿ ಕೂರುವ ಸ್ವಭಾವದ್ದು. ಕಲಕದೆ ಮೇಲಿನದನ್ನಷ್ಟೆ ಬಳಿದರೆ ಹೊಳಪು. ತಳದ ಗಸಿಯನ್ನು ಬಳಿದರೆ ಮಂಜು ಕವಿದಂತೆ ಬಿಳುಪು. ಮೊದಲ ಸಲ ಕೈ ಹಾಕಿದವರು ಕಂಪನಿಯನ್ನು ಬೈಯುವುದುಂಟು. ತಪ್ಪು ಹೆಚ್ಚಾಗಿ ಕೈಯದೇ. ಸೀಸೆಯನ್ನು ಎರಡು ಮೂರು ನಿಮಿಷ ಚೆನ್ನಾಗಿ ಕಲಕಬೇಕು, ನಡುನಡುವೆಯೂ ಕಲಕುತ್ತಿರಬೇಕು. ಒಂದು ದಪ್ಪ ಲೇಪಕ್ಕಿಂತ ಎರಡು ಮೂರು ತೆಳು ಲೇಪ ಮೇಲು. ದಪ್ಪವಾದರೆ ಪುಡಿಯೆಲ್ಲ ಕೆತ್ತನೆಯ ತಗ್ಗುಗಳಿಗೆ ಹರಿದು ಬೆಳ್ಳಗೆ ನಿಲ್ಲುತ್ತದೆ. ಸಿಂಪಡಿಸುವ ಡಬ್ಬಿಯಾದರೆ ಮುಕ್ಕಾಲು ಅಡಿಗೂ ಒಂದು ಅಡಿಗೂ ನಡುವೆ ಹಿಡಿದು, ಕೈಯನ್ನು ಎಲ್ಲಿಯೂ ನಿಲ್ಲಿಸದೆ ಸಾಗಿಸಬೇಕು. ಕಿಟಕಿಗಳನ್ನು ತೆರೆದಿಟ್ಟುಕೊಳ್ಳುವುದನ್ನೂ ಮೂಗಿಗೆ ಮುಸುಕನ್ನೂ ಮರೆಯಬಾರದು.

ಹೊತ್ತನ್ನೂ ನೋಡಬೇಕು. ಮಳೆಗಾಲದ ತೇವದಲ್ಲಿ ಬೇಗ ಆರುವ ದ್ರಾವಕ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ; ಗಾಳಿಯ ಆವಿ ಅದರ ಮೇಲೆ ಕೂತು ಲೇಪ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಹೊಸಪೇಟೆಯ ಬೇಸಿಗೆಯದು ಇದಕ್ಕೆ ವಿರುದ್ಧವಾದ ಕಾಟ: ನಡುಹಗಲ ಝಳದಲ್ಲಿ ತುಂತುರು ಪ್ರತಿಕೃತಿಯನ್ನು ತಲಪುವ ಮೊದಲೇ ಒಣಗಿ, ಮರಳು ತೂರಿದಂತೆ ಒರಟಾಗಿ ಬೀಳುತ್ತದೆ. ಮೋಡವಿಲ್ಲದ ದಿನ, ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವುದರೊಳಗೆ ಕೆಲಸ ಮುಗಿಸುವುದು ಲೇಸು. ಶಾಲೆಯ ಮಕ್ಕಳಿಗೆ ಮತ್ತೊಂದು ಎಚ್ಚರಿಕೆ. ಪ್ರತಿಕೃತಿ ಥರ್ಮೊಕೋಲಿನದಾಗಿದ್ದರೆ ಸಿಂಪಡಿಕೆಯ ಡಬ್ಬಿಯನ್ನು ಹತ್ತಿರ ತರಲೇಬೇಡಿ. ಅದರ ದ್ರಾವಕ ಥರ್ಮೊಕೋಲನ್ನು ಕರಗಿಸಿ ತಿನ್ನುತ್ತದೆ. ಕಣ್ಣೆದುರಿಗೆ ಮಹಾನವಮಿ ದಿಬ್ಬ ಕುಳಿಬಿದ್ದು ಕುಸಿಯುತ್ತದೆ. ಅದಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಮ್ಯಾಟ್ ವಾರ್ನಿಷೇ ಸರಿ, ಅದೂ ಮೊದಲು ಒಂದು ಚೂರಿನ ಮೇಲೆ ಬಳಿದು ನೋಡಿದ ಮೇಲೆ.

ಸಂಡೂರಿನ ಕಡೆಯವರಿಗೆ ಬೇರೊಂದು ಪಾಡು. ಕಬ್ಬಿಣದ ಅದಿರಿನ ಆ ಬೆಟ್ಟಗಳ ಕೆಂಪು ಧೂಳು ಲಾರಿ, ಮರ, ಗೋಡೆ ಎಲ್ಲದರ ಮೇಲೂ ಕೂರುತ್ತದೆ. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುದಾರಿಯ ಅದಿರಿನ ವ್ಯಾಗನ್ನನ್ನು ಕಿರಿದಾಗಿ ಮಾಡುವವನಿಗೆ ಈ ಧೂಳೇ ಪ್ರಾಣ. ಅಲ್ಲಿಯ ಮಣ್ಣನ್ನೇ ವಸ್ತ್ರಗಾಲಿಸಿ ಕುಂಚದಿಂದ ಉದುರಿಸಿದರೆ ಅದಕ್ಕಿಂತ ನಿಜವಾದ ಬಣ್ಣ ಇನ್ನಾವುದು? ಆದರೆ ಅದರ ಮೇಲೆ ಮ್ಯಾಟ್ ಸಿಂಪಡಿಸಿದೊಡನೆ ಅರ್ಧ ಧೂಳು ಮಾಯವಾದಂತೆ ತೋರುತ್ತದೆ. ಕಣಗಳ ನಡುವೆ ಗಾಳಿಯಿದ್ದ ಎಡೆಯನ್ನು ಲೇಪ ತುಂಬುವುದರಿಂದ ಅವು ನೆನೆದ ಮಣ್ಣಿನಂತೆ ಕಪ್ಪಿಡುತ್ತವೆ. ಮ್ಯಾಟ್ ಮೊದಲು, ಧೂಳು ಕೊನೆಗೆ ಎಂಬುದೇ ಬಲ್ಲವರ ಕ್ರಮ. ಅಂಥ ಪ್ರತಿಕೃತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮುಟ್ಟುವವರನ್ನು ದೂರವಿಡಬೇಕಾಗುತ್ತದೆ.

ಇಷ್ಟಾದ ಮಾತ್ರಕ್ಕೆ ಹೊಳಪೆಲ್ಲ ವರ್ಜ್ಯವೆಂದಲ್ಲ. ಹಜಾರರಾಮ ದೇವಾಲಯದ ಮಂಟಪದೊಳಗೆ ನುಣ್ಣಗೆ ಉಜ್ಜಿದ ನಾಲ್ಕು ಕರಿಯ ಕಲ್ಲಿನ ಕಂಬಗಳಿವೆ. ಸುತ್ತಲ ಗ್ರಾನೈಟೆಲ್ಲ ಮಂದವಾಗಿರುವಾಗ ಅವು ಮಾತ್ರ ನೆರಳಿನಲ್ಲಿ ನಿಂತು ಮಿಂಚುತ್ತವೆ. ಇಡೀ ದೇವಾಲಯಕ್ಕೆ ಮ್ಯಾಟ್ ಹೊಡೆದು ಆ ನಾಲ್ಕನ್ನೂ ಮಂದವಾಗಿಸಿದ ಪ್ರತಿಕೃತಿ ಸುಳ್ಳು ಹೇಳಿದಂತೆ. ಶತಮಾನಗಳ ಬರಿಗಾಲು ಸವೆಸಿದ ಹೊಸ್ತಿಲಿಗೂ ಮೆಟ್ಟಿಲ ನಡುವಿಗೂ ಬೆರಳ ತುದಿಯಿಂದ ಉಜ್ಜಿದಷ್ಟು ನಸುಹೊಳಪು ಸಲ್ಲಬೇಕು. ಕಮಲಾಪುರದ ವಸ್ತುಸಂಗ್ರಹಾಲಯದ ನಡುವಂಗಳದಲ್ಲಿ ಹಂಪೆ ಆನೆಗೊಂದಿಗಳ ಕಣಿವೆಯನ್ನೇ ಕಿರಿದಾಗಿಸಿ ತೋರಿಸಿದೆ. ಅದರ ಸುತ್ತ ನಡೆದು ನೋಡಿದವರಿಗೆ ಈ ನೆಲದಲ್ಲಿ ಒಣಗಿದ್ದೆಷ್ಟು, ತೇವದ್ದೆಷ್ಟು ಎಂಬ ಕಲ್ಪನೆ ಬರುತ್ತದೆ. ಮನೆಯಲ್ಲಿ ಅದನ್ನೇ ಇನ್ನಷ್ಟು ಕಿರಿದಾಗಿ ಮಾಡುವವರು ಬಂಡೆಯ ಪಾಲಿನ ಮ್ಯಾಟನ್ನು ಹೊಳೆಗೂ ಹೊಡೆದರೆ ಒಂದೇ ಉಸಿರಿಗೆ ತುಂಗಭದ್ರೆ ಬತ್ತಿಹೋಗುತ್ತಾಳೆ! ಕಂಪ್ಲಿಯ ಸೇತುವೆ ಮುಳುಗುವಷ್ಟು ನೀರನ್ನು ಅಣೆಕಟ್ಟೆಯಿಂದ ಬಿಟ್ಟ ದಿನದ ಹೊಳೆಯನ್ನು ನೋಡಿದವರು ಈ ತಪ್ಪನ್ನು ಮಾಡಲಾರರು. ಅಲ್ಲಿ ಬೇಕಾದದ್ದು ಮನೆಯ ಅದೇ ಹಳೆಯ ಹೊಳಪಿನ ವಾರ್ನಿಷ್. ಹರಿಗೋಲಿಗೂ ಎರಡು ಬಗೆ: ಒಳಗಿನ ಬಿದಿರ ಹೆಣಿಗೆ ಮಂದ, ಹೊರಮೈಯ ಡಾಂಬರು ಹೊಳಪು.

ಆ ಹುಡುಗನ ರಥದ ಗತಿಯೇನು? ಪ್ರದರ್ಶನಕ್ಕೆ ಇನ್ನು ಕೆಲವೇ ಗಂಟೆ. ವಾರ್ನಿಷ್ ಪೂರ್ತಿ ಒಣಗಿದ್ದರೆ ಅದರ ಮೇಲೆಯೇ ಮ್ಯಾಟಿನ ತೆಳು ಲೇಪ ಕೊಡಬಹುದು. ಹೊಳಪು ಅಲ್ಲಿಗೆ ಅಡಗುತ್ತದೆ. ಪ್ಲಾಸ್ಟರ್ ಹೀರಿಕೊಂಡ ಕಪ್ಪು ಮಾತ್ರ ಪೂರ್ತಿ ಹೋಗದು. ಅದು ಆರಿದ ಮೇಲೆ, ತಿಳಿಬೂದಿ ಬಣ್ಣವನ್ನು ಕುಂಚದಿಂದ ಬಹುಪಾಲು ಒರಸಿ ತೆಗೆದು, ಉಳಿದ ಒಣಕುಂಚವನ್ನು ಕೆತ್ತನೆಯ ಉಬ್ಬುಗಳ ಮೇಲೆ ಮೆಲ್ಲನೆ ಆಡಿಸಿದರೆ ಗ್ರಾನೈಟು ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುತ್ತದೆ. ರಥದ ಹೊಟ್ಟೆಯಡಿ ಮಾತ್ರ ಈ ಬೂದಿ ಬೇಡ. ನಿಜವಾದ ರಥದಲ್ಲಿ ಬಿಸಿಲು ಮಳೆ ತಾಕದ ಆ ಜಾಗದಲ್ಲಿ ಹಳೆಯ ವರ್ಣಲೇಪದ ಗುರುತುಗಳು ಇನ್ನೂ ಉಳಿದಿವೆ. ಒಂದು ಕಾಲಕ್ಕೆ ಈ ಕಲ್ಲೂ ಬಣ್ಣ ತೊಟ್ಟಿತ್ತೆಂಬುದಕ್ಕೆ ಅವೇ ಸಾಕ್ಷಿ. ಹುಡುಗ ಅಲ್ಲಿ ಒಂದೆರಡು ಕೆಂಪು ಗೀಟು ಎಳೆದಿದ್ದರೆ ಅವು ಹಾಗೆಯೇ ಇರಲಿ. ಆಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಮೇಲೆ ಕವಿಚಿ, ಒಣಗಿತೇ ಎಂದು ಬೆರಳಿಟ್ಟು ನೋಡದಂತೆ ತಂದೆಯವರನ್ನು ಕಾಫಿಗೆ ಒಳಗೆ ಕರೆದೊಯ್ಯಬೇಕು.