ಕಣ್ಣು ಬರೆಯುವ ಕನ್ನಡ

‘ನೀರು ಬೇಕು’ ಅನ್ನಲು ಬಾಯಿಗೆ ಒಂದು ಸೆಕೆಂಡು ಸಾಕು. ಅದೇ ಮಾತನ್ನು ಕಣ್ಣಿನಿಂದ ಟೈಪ್ ಮಾಡುವವರು ಮೊದಲು ಪರದೆಯ ಮೇಲೆ ‘ನ’ ಎಲ್ಲಿದೆ ಎಂದು ಹುಡುಕಬೇಕು. ಸಿಕ್ಕಿದ ಮೇಲೆ ನೋಟವನ್ನು ಅಲ್ಲೇ ನಿಲ್ಲಿಸಬೇಕು. ಅಕ್ಷರದ ಸುತ್ತ ಸಣ್ಣದೊಂದು ವೃತ್ತ ತುಂಬುತ್ತಾ ಬರುತ್ತದೆ. ಅದು ಪೂರ್ತಿಯಾಗುವ ಮುಂಚೆ ನೋಟ ಪಕ್ಕಕ್ಕೆ ಜಾರಿದರೆ ಮತ್ತೆ ಮೊದಲಿಂದ ಶುರು. ‘ನ’ ಮೂಡಿದ ಮೇಲೆ ಗುಡಿಸಿನ ದೀರ್ಘ, ಆಮೇಲೆ ‘ರ’, ಅದಕ್ಕೊಂದು ಕೊಂಬು. ಒಂದು ಖಾಲಿ ಜಾಗ. ಮತ್ತೆ ‘ಬ’, ಏತ್ವ, ‘ಕ’, ಕೊಂಬು. ಒಟ್ಟು ಒಂಬತ್ತು ನೋಟ. ಒಂದೊಂದಕ್ಕೆ ಎರಡು ಸೆಕೆಂಡ್ ಹಿಡಿದರೂ 18 ಸೆಕೆಂಡ್ ಆಯಿತು. ‘ಬೆನ್ನು ತುರಿಸುತ್ತಿದೆ’ ಎಂದು ಹೇಳಬೇಕಾದರೆ 19 ನೋಟ ಬೇಕು.

ಹೀಗೆ ಬರೆಯುವವರಲ್ಲಿ ಹೆಚ್ಚಿನವರಿಗೆ ದೇಹದಲ್ಲಿ ಹೇಳಿದಂತೆ ಕೇಳುವ ಭಾಗವೆಂದರೆ ಕಣ್ಣು ಮಾತ್ರ. ಮೋಟಾರ್ ನ್ಯೂರಾನ್ ಕಾಯಿಲೆಗಳ ಪೈಕಿ ಹೆಚ್ಚಾಗಿ ಕಾಣುವ ಎಎಲ್‌ಎಸ್‌ನಲ್ಲಿ ಕೈಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯುಗಳೂ ಶಕ್ತಿ ಕಳೆದುಕೊಳ್ಳುತ್ತವೆ. ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳು ಮಾತ್ರ ಬಹುತೇಕರಲ್ಲಿ ಬಹುಕಾಲ ಉಳಿದುಕೊಳ್ಳುತ್ತವೆ. ಮಿದುಳಿನ ಕಾಂಡಕ್ಕೆ ಪಾರ್ಶ್ವವಾಯು ಬಡಿದು ಇಡೀ ದೇಹ ಸ್ತಬ್ಧವಾಗುವ ‘ಲಾಕ್ಡ್ ಇನ್’ ಸ್ಥಿತಿಯಲ್ಲೂ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಮುಚ್ಚಿ ತೆರೆಯುವುದು ಸಾಮಾನ್ಯವಾಗಿ ಆಗುತ್ತದೆ. ಆ ಚಲನೆಗಳನ್ನು ನಡೆಸುವ ಕೇಂದ್ರ ಪೆಟ್ಟು ಬಿದ್ದ ಜಾಗಕ್ಕಿಂತ ಮೇಲಿರುವುದೇ ಕಾರಣ. ಪ್ರಜ್ಞೆ ಪೂರ್ತಿ ಇರುತ್ತದೆ. ಹಾಸಿಗೆಯ ಪಕ್ಕ ನಿಂತ ನೆಂಟರು ‘ಪಾಪ, ಏನೂ ತಿಳಿಯೋದಿಲ್ಲ’ ಎಂದು ಆಡಿಕೊಳ್ಳುವುದೂ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ.

ಕಣ್ಣಿನ ದಾರಿ ಹಿಡಿಯುವ ಯಂತ್ರದ ತತ್ವ ಸರಳ. ಪರದೆಯ ಕೆಳಗೆ ಅಡ್ಡಪಟ್ಟಿಯಂಥ ಒಂದು ಸಾಧನ ಕೂರಿಸುತ್ತಾರೆ. ಅದರಿಂದ ಹೊಮ್ಮುವ ಅವಗೆಂಪು ಬೆಳಕು ನಮಗೆ ಕಾಣುವುದಿಲ್ಲ, ಆದರೆ ಕಣ್ಣಿನ ಪಾರದರ್ಶಕ ಪಟಲದ ಮೇಲೆ ಒಂದು ಚುಕ್ಕಿಯಾಗಿ ಹೊಳೆಯುತ್ತದೆ. ಆ ಚುಕ್ಕಿಗೂ ಪಾಪೆಯ ನಡುವಿಗೂ ಇರುವ ಅಂತರವನ್ನು ಕ್ಯಾಮೆರಾ ಅಳೆಯುತ್ತದೆ. ಕಣ್ಣು ಹೊರಳಿದಂತೆ ಅಂತರ ಬದಲಾಗುತ್ತದೆ, ಅದರಿಂದ ನೋಟ ಪರದೆಯ ಯಾವ ಜಾಗಕ್ಕೆ ಬಿತ್ತು ಎಂಬ ಲೆಕ್ಕ ಸಿಗುತ್ತದೆ. ಬಳಸುವ ಮುನ್ನ ಪರದೆಯ ಬೇರೆಬೇರೆ ಕಡೆ ಮೂಡುವ ಬಿಂದುಗಳನ್ನು ಒಂದೊಂದಾಗಿ ನೋಡಿ ಯಂತ್ರಕ್ಕೆ ತಮ್ಮ ಕಣ್ಣಿನ ಪರಿಚಯ ಮಾಡಿಕೊಡಬೇಕು. ಕಿಟಕಿಯಿಂದ ಬಿಸಿಲು ಬಿದ್ದರೆ, ಕನ್ನಡಕದ ಗಾಜು ಮಿನುಗಿದರೆ, ರೆಪ್ಪೆ ಜೋತುಬಿದ್ದರೆ, ದಿಂಬಿನ ಮೇಲೆ ತಲೆ ಸ್ವಲ್ಪ ವಾಲಿದರೆ ಲೆಕ್ಕ ತಪ್ಪುತ್ತದೆ. ಮಂಚದ ಎತ್ತರ, ಪರದೆಯ ಓರೆ, ದಿಂಬಿನ ಜಾಗ ಇವನ್ನೆಲ್ಲ ಸರಿಪಡಿಸಿ ಕೊಡುವವರು ಇದ್ದರಷ್ಟೇ ಯಂತ್ರ ಕೆಲಸಕ್ಕೆ ಬರುತ್ತದೆ.

ಎಲ್ಲವೂ ಸರಿಯಿದ್ದಾಗಲೂ ಅರ್ಧದಿಂದ ಒಂದು ಡಿಗ್ರಿಯಷ್ಟು ತಪ್ಪು ಉಳಿಯುತ್ತದೆ. ಪರದೆ 60 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದು ಡಿಗ್ರಿ ಎಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಸಾಲದ್ದಕ್ಕೆ ಕಣ್ಣು ಒಂದೇ ಕಡೆ ನಿಲ್ಲುವ ಅಂಗವಲ್ಲ, ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತದೆ. ನಾವು ಓದುವಾಗ, ಎದುರಿನವರ ಮುಖ ನೋಡುವಾಗಲೂ ಹಾಗೇ. ನೋಡಿದ್ದೆಲ್ಲ ಒತ್ತಿಹೋಗುವ ಈ ತೊಡಕಿಗೆ ಸಂಶೋಧಕರು, ಮುಟ್ಟಿದ್ದೆಲ್ಲ ಚಿನ್ನವಾದ ಗ್ರೀಕ್ ಪುರಾಣದ ದೊರೆ ಮಿಡಾಸ್‌ನ ಹೆಸರಿಟ್ಟಿದ್ದಾರೆ. ನೋಟ ಇಷ್ಟು ಹೊತ್ತು ನಿಂತರೆ ಮಾತ್ರ ಒತ್ತಿದಂತೆ ಎಂಬ ನಿಯಮ ಬಂದಿದ್ದು ಅದಕ್ಕೇ. ಆ ಹೊತ್ತು ಕಡಿಮೆಯಾದರೆ ಬೇಡದ ಅಕ್ಷರ ಬೀಳುತ್ತದೆ, ಹೆಚ್ಚಾದರೆ ಕಣ್ಣು ಸೋಲುತ್ತದೆ.

ತಪ್ಪು ಸೆಂಟಿಮೀಟರ್ ಲೆಕ್ಕದಲ್ಲಿರುವಾಗ ಗುಂಡಿಗಳು ದೊಡ್ಡವಿರಬೇಕು. ದೊಡ್ಡವಾದರೆ ಪರದೆಯಲ್ಲಿ ಹಿಡಿಸುವುದು ಕೆಲವೇ. ಇಂಗ್ಲಿಷ್‌ನ 26 ಅಕ್ಷರಗಳಿಗೆ ಹೇಗೋ ಜಾಗವಾಗುತ್ತದೆ. ನಮ್ಮ 49 ಅಕ್ಷರ, ಅದರ ಮೇಲೆ ಕಾಗುಣಿತದ ಚಿಹ್ನೆಗಳು, ಒತ್ತಕ್ಷರ ಮೂಡಿಸಲು ಬೇಕಾದ ಅರ್ಧಾಕ್ಷರದ ಚಿಹ್ನೆ ಇವಿಷ್ಟನ್ನೂ ಒಂದೇ ಪರದೆಗೆ ತುಂಬಿದರೆ ಒಂದೊಂದು ಗುಂಡಿ ಹೆಬ್ಬೆರಳ ಉಗುರಿನಷ್ಟಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವವರಿಗಂತೂ ಇದು ಇನ್ನೂ ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ ಚೆನ್ನೈನ ವಿದ್ಯಾ ಸಾಗರ್ ಸಂಸ್ಥೆಯ ಜೊತೆ ಈ ಬಗ್ಗೆ ಕೆಲಸ ಮಾಡಿದೆ. ಮಾತೂ ಕೈಕಾಲೂ ಸಾಗದ ಅನೇಕರಲ್ಲಿ ಕಣ್ಣುಗುಡ್ಡೆಯ ಅದುರು, ಮೆಳ್ಳೆಗಣ್ಣು ಇರುವುದರಿಂದ ಪರದೆಯಲ್ಲಿ ಇಡಬಹುದಾದ ಗುಂಡಿಗಳ ಸಂಖ್ಯೆಯೇ ಮಿತವಾಗುತ್ತದೆ ಎಂಬುದನ್ನು ಗಮನಿಸಿ, ನೋಟ ನಿಲ್ಲಿಸಬೇಕಾದ ಹೊತ್ತು ಬಳಸುವವರಿಗೆ ತಕ್ಕಂತೆ ಬದಲಾಗುವ ಕೀಬೋರ್ಡ್ ರೂಪಿಸಿದೆ. ಅದು ಇಂಗ್ಲಿಷ್ ಕೀಬೋರ್ಡ್.

ಕನ್ನಡಕ್ಕೆ ಬೇಕಾದ ಉತ್ತರ ಒಂದನೇ ತರಗತಿಯ ಗೋಡೆಯ ಮೇಲೇ ಇದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ವರ್ಣಮಾಲೆ ಮೊದಲೇ ಸಾಲುಸಾಲಾಗಿ ಜೋಡಿಸಿದ ವರ್ಣಮಾಲೆ. ಪರದೆಯಲ್ಲಿ ಮೊದಲು ಏಳೆಂಟು ದೊಡ್ಡ ಚೌಕಗಳಿರಲಿ: ಸ್ವರಗಳದೊಂದು, ಕ ಸಾಲು, ಚ ಸಾಲು, ಟ ಸಾಲು, ತ ಸಾಲು, ಪ ಸಾಲು, ಉಳಿದ ಅಕ್ಷರಗಳಿಗೆ ಎರಡು. ಒಂದನ್ನು ನೋಡಿದರೆ ಅದರೊಳಗಿನ ಅಕ್ಷರಗಳು ತೆರೆದುಕೊಳ್ಳಲಿ. ಅಕ್ಷರ ಆರಿಸಿದರೆ ಅದರ ಕಾಗುಣಿತ ಬರಲಿ. ನೋಟಗಳು ಹೆಚ್ಚಾಗುತ್ತವೆ ನಿಜ, ಆದರೆ ಗುರಿ ತಪ್ಪುವುದು ಕಡಿಮೆಯಾಗುತ್ತದೆ. ಅಳಿಸಿ ಮತ್ತೆ ಬರೆಯುವ ದಣಿವನ್ನು ಲೆಕ್ಕ ಹಾಕಿದರೆ ಇದೇ ಲಾಭ.

ಇದಕ್ಕೆ ಯಂತ್ರವೂ ಬೇಕಾಗಿಲ್ಲ. ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ಡೊಮಿನಿಕ್ ಬೋಬಿ 1995ರ ಡಿಸೆಂಬರ್‌ನಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಅವರಿಗೆ ಉಳಿದದ್ದು ಎಡಗಣ್ಣಿನ ರೆಪ್ಪೆಯ ಬಡಿತ. ಎದುರಿಗೆ ಕೂತವರು ಫ್ರೆಂಚ್‌ನಲ್ಲಿ ಹೆಚ್ಚು ಬಳಕೆಯ ಕ್ರಮದಲ್ಲಿ ಅಕ್ಷರಗಳನ್ನು ಹೇಳುತ್ತಾ ಹೋಗುತ್ತಿದ್ದರು, ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಬಡಿಯುತ್ತಿದ್ದರು. ಹೀಗೆ ಅವರು ಹೇಳಿ ಬರೆಸಿದ ಪುಸ್ತಕ 1997ರಲ್ಲಿ ಹೊರಬಂತು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಕನ್ನಡದ ಮನೆಯಲ್ಲಿ ಇದನ್ನು ಇನ್ನೂ ಚುರುಕಾಗಿ ಮಾಡಬಹುದು. ‘ಅಪ್ಪಾ, ಕ ಸಾಲಾ? ಚ ಸಾಲಾ? ಟ ಸಾಲಾ? ತ ಸಾಲಾ?’ ಅಪ್ಪ ಕಣ್ಣು ಮೇಲಕ್ಕೆತ್ತಿದರೆ ‘ಹೌದು’. ‘ತ? ದ? ನ?’ ಮತ್ತೆ ಕಣ್ಣು ಮೇಲೆ. ಮಹಾಪ್ರಾಣಗಳನ್ನು ಕೊನೆಗೆ ಇಟ್ಟುಕೊಂಡರೆ ಏಳೇ ಪ್ರಶ್ನೆಗೆ ‘ನ’ ಸಿಕ್ಕಿತು. ‘ನ, ನಾ, ನಿ, ನೀ’ ಎಂಬಷ್ಟಕ್ಕೆ ‘ನೀರಾ ಅಪ್ಪಾ?’ ಎಂದು ಕೇಳಿದರೆ ಮುಗಿಯಿತು. ಶಾಲೆ ಮೆಟ್ಟಿಲು ಹತ್ತಿದ ಯಾರಿಗೂ ಈ ಕ್ರಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಇದೇ ಸಾಲುಗಳನ್ನು ಬರೆದು ಎದುರಿಗೆ ಹಿಡಿದು, ನೋಟ ಯಾವುದರತ್ತ ಇದೆ ಎಂದು ಆಚೆಯಿಂದ ಗಮನಿಸಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮಾರ್ಕರ್ ಪೆನ್ ಇದ್ದರೆ ಸಂಜೆಯೊಳಗೆ ಫಲಕ ತಯಾರಾಗುತ್ತದೆ. ಸಾಧನಗಳ ಬೆಲೆ ಲಕ್ಷಗಳಲ್ಲಿರುವಾಗ ಈ ಹಾಳೆಯನ್ನು ಯಾರೂ ಕೀಳಾಗಿ ನೋಡಬಾರದು. ಅಷ್ಟೇ ಅಲ್ಲ, ಕರೆಂಟು ಹೋದ ರಾತ್ರಿಯಲ್ಲಿ ಟಾರ್ಚಿನ ಬೆಳಕಿಗೂ ಅದು ನಡೆಯುತ್ತದೆ.

ಆದರೂ ಯಂತ್ರ ಪ್ರತಿ ಹೆಜ್ಜೆಯಲ್ಲೂ ಮಾಡಬಲ್ಲ ಒಂದು ಕೆಲಸವಿದೆ, ಮುಂದಿನ ಅಕ್ಷರವನ್ನು ಊಹಿಸುವುದು. ಇಲ್ಲಿ ಕೇಂಬ್ರಿಜ್‌ನ ಡೇವಿಡ್ ಮೆಕೇ ಅವರನ್ನು ನೆನೆಯಬೇಕು. ಡೇವಿಡ್ ವಾರ್ಡ್ ಜೊತೆ ಸೇರಿ ಅವರು ಕಟ್ಟಿದ ‘ಡ್ಯಾಷರ್’ನಲ್ಲಿ ಗುಂಡಿ ಒತ್ತುವ ಮಾತೇ ಇಲ್ಲ. ಅಕ್ಷರಗಳು ಪರದೆಯ ಬಲಗಡೆಯಿಂದ ತೇಲಿ ಬರುತ್ತವೆ, ಬೇಕಾದ್ದರತ್ತ ನೋಡುತ್ತಾ ಹೋದರೆ ಅದರೊಳಕ್ಕೆ ದಾರಿ ಸಾಗುತ್ತದೆ. ಬರುವ ಸಾಧ್ಯತೆ ಹೆಚ್ಚಿರುವ ಅಕ್ಷರಕ್ಕೆ ದೊಡ್ಡ ಚೌಕ, ಕಡಿಮೆ ಇರುವುದಕ್ಕೆ ಸಣ್ಣದು. ಅಭ್ಯಾಸವಾದರೆ ಕಣ್ಣಿನಿಂದಲೇ ನಿಮಿಷಕ್ಕೆ 25 ಪದಗಳವರೆಗೂ ಬರೆಯಬಹುದೆಂದು 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ತೋರಿಸಿದರು. ಮೆಕೇ ಈ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. 2016ರಲ್ಲಿ ಅವರು ತೀರಿಕೊಂಡರು.

ಊಹೆ ಸರಿಯಾಗಲು ಭಾಷೆಯ ಗುಣ ಗೊತ್ತಿರಬೇಕು. ಕನ್ನಡದಲ್ಲಿ ‘ತ್’ ಆದ ಮೇಲೆ ಮತ್ತೊಂದು ‘ತ’ ಬರುವುದು ತೀರಾ ಸಾಮಾನ್ಯ, ‘ನ್’ ಆದ ಮೇಲೆ ‘ನ’, ‘ಲ್’ ಆದ ಮೇಲೆ ‘ಲ’. ಙ, ಝ ತಿಂಗಳಿಗೊಮ್ಮೆ ಬೇಕಾದರೆ ಹೆಚ್ಚು. ಪದಗಳನ್ನು ಇಡಿಯಾಗಿ ಊಹಿಸುವ ಇಂಗ್ಲಿಷ್ ಕ್ರಮವೂ ನಮಗೆ ಅರ್ಧ ದಾರಿಗಷ್ಟೇ ಆಗುತ್ತದೆ. ‘ಮನೆ’ ಎಂದ ಮೇಲೆ ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು, ಮನೆಯವರಿಗೂ ಎಂದು ಬೆಳೆಯುತ್ತಲೇ ಹೋಗುತ್ತದೆ. ಪದ ಮುಗಿದ ಕೂಡಲೇ ಪ್ರತ್ಯಯಗಳ ಸಾಲೊಂದು ಕಣ್ಣೆದುರಿಗೆ ಬಂದರೆ ಒಂದೇ ನೋಟದಲ್ಲಿ ಕೆಲಸವಾಗುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಊಹೆಯ ಕಣಜಕ್ಕೆ ನಾವು ತುಂಬುವ ಕನ್ನಡ ಯಾವುದು? ಪತ್ರಿಕೆಯ ಬರಹವನ್ನಷ್ಟೇ ತುಂಬಿದರೆ ‘ಮು’ ಎಂದ ತಕ್ಷಣ ‘ಮುಖ್ಯಮಂತ್ರಿ’ ಎದ್ದು ಬರುತ್ತಾರೆ. ಹಾಸಿಗೆ ಹಿಡಿದವರಿಗೆ ಬೇಕಾದದ್ದು ‘ಮುಲಾಮು’ ಇರಬಹುದು, ‘ಮುದ್ದೆ’ ಇರಬಹುದು. ಧಾರವಾಡದ ಅಜ್ಜಿಗೆ ‘ಸಾಕಾಗೇತಿ’ ಬೇಕು, ಮೈಸೂರಿನವರಿಗೆ ‘ಸಾಕಾಗಿದೆ’. ಜೀವನವಿಡೀ ಒಂದು ಕನ್ನಡ ಆಡಿದವರು ಕೈಕಾಲು ಬಿದ್ದ ಮೇಲೆ ವಾರ್ತಾವಾಚಕರ ಕನ್ನಡ ಆಡಬೇಕಾಗಿ ಬಂದರೆ ಅದು ಅವರ ಮಾತಾಗುವುದಿಲ್ಲ. ಮುನಿಸಿಕೊಳ್ಳಲು, ಬೈಯಲು, ಮೊಮ್ಮಗಳನ್ನು ರೇಗಿಸಲು ಬೇಕಾದ ಪದಗಳೂ ಆ ಕಣಜದಲ್ಲಿ ಇರಬೇಕು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಕನ್ನಡ ತಂತ್ರಾಂಶ ಕಟ್ಟುವ ಹುಡುಗರು ಒಟ್ಟಿಗೆ ಕೂತರೆ ಆಗುವ ಕೆಲಸ ಇದು. ಕಾಯಿಲೆ ಗೊತ್ತಾದ ಮನೆಯವರು ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಮಾತು ಇನ್ನೂ ಇರುವಾಗಲೇ ಅವರ ದಿನದ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಬರೆದೂ ಇಡಿ: ಮನೆಮಂದಿಯನ್ನು ಕರೆಯುವ ಹೆಸರುಗಳು, ಊಟ ತಿಂಡಿಯ ಪದಗಳು, ಅವರದೇ ಉದ್ಗಾರಗಳು, ಸಿಟ್ಟಿನ ಮಾತುಗಳು. ಮುಂದೆ ಕಣ್ಣಿನ ಕೀಬೋರ್ಡ್ ಬಂದಾಗ ಅದರ ನಿಘಂಟಿಗೆ ಮೊದಲು ಸೇರಿಸಬೇಕಾದ ಪದಗಳು ಇವೇ. ಎಎಲ್‌ಎಸ್ ನಾಲಿಗೆ, ಗಂಟಲಿನಿಂದಲೇ ಶುರುವಾದವರಲ್ಲಿ ಮಾತು ಬೇಗ ಹೋಗುತ್ತದೆ. ಅಂಥವರ ಮನೆಯಲ್ಲಿ ಈ ಕೆಲಸವನ್ನು ಮುಂದಿನ ತಿಂಗಳಿಗೆ ಇಡುವಂತಿಲ್ಲ.